ಹಾಲಿಗೆ ಡೈರಿ, ಮಾಂಸಕ್ಕೆ ಠಾಣೆ

ಆಕಾಶದಲ್ಲಿ ವಿಮಾನ ಹಾರಬೇಕಾದರೆ ನೆಲದ ಮೇಲೆ ಬಾಡು ಬೇಯಬಾರದು. ಇದು ನಾವು ಕಟ್ಟಿದ ಗಾದೆಯಲ್ಲ, ಬೆಂಗಳೂರಿನ ಪಾಲಿಕೆ ಹೊರಡಿಸಿದ್ದ ಆಜ್ಞೆ. 2023ರಲ್ಲಿ ಯಲಹಂಕದ ವೈಮಾನಿಕ ಪ್ರದರ್ಶನಕ್ಕಾಗಿ ಜನವರಿ 30ರಿಂದ ಫೆಬ್ರವರಿ 20ರವರೆಗೆ ವಾಯುನೆಲೆಯ ಸುತ್ತ 10 ಕಿಲೋಮೀಟರಿನೊಳಗೆ ಕುರಿ, ಕೋಳಿ, ಮೀನಿನ ಅಂಗಡಿಗಳೆಲ್ಲ ಬಾಗಿಲು ಹಾಕಬೇಕೆಂದರು. 2025ರಲ್ಲಿ ಅದೇ ಪ್ರದರ್ಶನ ಮತ್ತೆ ಬಂತು. ಈ ಸಲ 13 ಕಿಲೋಮೀಟರ್, ಜನವರಿ 23ರಿಂದ ಫೆಬ್ರವರಿ 17ರವರೆಗೆ. ಎಣಿಸಿ ನೋಡಿ, ಇಪ್ಪತ್ತಾರು ದಿನ. ಕಾರಣ ಏನಂದ್ರೆ, ಬಿಸಾಡಿದ ಮಾಂಸದ ಚೂರಿಗೆ ಹದ್ದು ಬರುತ್ತವೆ, ಹದ್ದು ವಿಮಾನಕ್ಕೆ ಬಡಿಯುತ್ತವೆ. ಕಾರಣ ಸುಳ್ಳು ಅಂತ ನಾವು ಹೇಳೋದಿಲ್ಲ. ಆದರೆ ಬಿಸಾಡಿದ್ದನ್ನು ಎತ್ತಬೇಕಾದವರು ಯಾರು? ಕಸ ಎತ್ತುವುದಕ್ಕಿಂತ ಕಸುಬು ನಿಲ್ಲಿಸುವುದು ಸುಲಭ ಅಂತ ತೀರ್ಮಾನಿಸಿದವರು ಯಾರು? ಆ ಇಪ್ಪತ್ತಾರು ದಿನ ಅಂಗಡಿಯ ಬಾಡಿಗೆ ನಿಲ್ಲಲಿಲ್ಲ, ಸಾಲದ ಬಡ್ಡಿ ನಿಲ್ಲಲಿಲ್ಲ. ದಿನಗೂಲಿಗೆ ಕತ್ತಿ ಹಿಡಿಯುವ ಹುಡುಗನ ಒಲೆ ಮಾತ್ರ ನಿಂತಿತು.

ಮಾಂಸದ ಉದ್ದಿಮೆ ಅಂದ ಕೂಡಲೇ ಓದಿದವರಿಗೆ ರಫ್ತಿನ ಕಾರ್ಖಾನೆ ನೆನಪಾಗುತ್ತದೆ. ನಮ್ಮ ಜಿಲ್ಲೆಗಳಲ್ಲಿ ಅದು ಬೇರೆ. ಅಮೀನಗಡದಂಥ ಸಂತೆಯಲ್ಲಿ ಕುರಿ ಹಿಡಿದು ತರುವವನು, ಅದನ್ನು ಸಾಗಿಸುವ ಲಾರಿಯವನು, ಕಡಿಯುವ ಕಟುಕ, ಚರ್ಮಕ್ಕೆ ಉಪ್ಪು ಹಾಕಿ ಆಂಬೂರು, ರಾಣಿಪೇಟೆಯ ಕಡೆಗೆ ಕಳಿಸುವವನು, ತಲೆ ಕಾಲು ಸುಟ್ಟು ಮಾರುವ ಹೆಂಗಸು. ಇಷ್ಟೂ ಜನ ಸೇರಿದರೆ ಅದು ಒಂದು ಉದ್ದಿಮೆ. ಇದರಲ್ಲಿ ಕುರುಬರಿದ್ದಾರೆ, ಮುಸಲ್ಮಾನರಿದ್ದಾರೆ, ಕಟಿಕರಿದ್ದಾರೆ, ನಮ್ಮ ಕೇರಿಯವರಿದ್ದಾರೆ. 2019ರ ಜಾನುವಾರು ಗಣತಿಯಲ್ಲಿ ಈ ರಾಜ್ಯದಲ್ಲಿ ಒಂದು ಕೋಟಿಗೂ ಹೆಚ್ಚು ಕುರಿ ಸಿಕ್ಕಿವೆ. ಅವನ್ನು ಮೇಯಿಸಿದ್ದು ಪೂಜೆ ಮಾಡೋಕಲ್ಲ. ಆದರೂ ಈ ಉದ್ದಿಮೆಯ ಬಗ್ಗೆ ಸರ್ಕಾರದ ಕೈಗೆ ಬರುವ ಆಯುಧ ಎರಡೇ: ಬೀಗ ಮತ್ತು ಜಪ್ತಿ.

ಅದೇ ಸರ್ಕಾರ ಹಾಲಿಗೆ ಏನು ಮಾಡಿದೆ ನೋಡಿ. 1974ರಿಂದ ಈಚೆಗೆ ಹಳ್ಳಿಹಳ್ಳಿಗೆ ಸಂಘ ಕಟ್ಟಿತು. ಕ್ಯಾನು ಕೊಟ್ಟಿತು, ಶೀತಲ ಕೇಂದ್ರ ಕೊಟ್ಟಿತು, ಬೆಳಗಾಗುವ ಮುಂಚೆ ಬಾಗಿಲಿಗೆ ಟೆಂಪೋ ಕಳಿಸಿತು. ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವನ್ನೂ ಕೊಟ್ಟಿತು. ಒಳ್ಳೆಯದೇ ಆಯಿತು, ಅದನ್ನು ಬೇಡ ಅನ್ನುವ ಮೂರ್ಖರು ನಾವಲ್ಲ. ಆದರೆ ಸೀಮೆಹಸು ಹಾಲು ಕೊಡಬೇಕಾದರೆ ಕರು ಹಾಕಬೇಕು. ಹಾಕಿದ ಕರುಗಳಲ್ಲಿ ಅರ್ಧ ಗಂಡು. ಆ ಗಂಡುಗರುವಿಗೆ ಹೆಗಲ ಮೇಲೆ ಇಣಿ ಇಲ್ಲ, ನೊಗ ಸರಿಯಾಗಿ ನಿಲ್ಲೋದಿಲ್ಲ. ಬಿಸಿಲಿಗೆ ಬಾಯಿ ಬಿಡುತ್ತದೆ. ಇತ್ತ ಉಳುವುದಕ್ಕೆ ಟ್ರ್ಯಾಕ್ಟರ್ ಬಂತು. ಹಾಗಾದರೆ ಆ ಕರು ಎಲ್ಲಿಗೆ ಹೋಗಬೇಕು? ಬತ್ತಿದ ಹಸು ಎಲ್ಲಿಗೆ ಹೋಗಬೇಕು? ಹಾಲಿನ ಲೆಕ್ಕ ಬರೆಯುವ ಡೈರಿ ಈ ಲೆಕ್ಕ ಬರೆಯೋದಿಲ್ಲ. ಹಾಲಿನ ಉದ್ದಿಮೆಯ ಇನ್ನೊಂದು ತುದಿಯೇ ಮಾಂಸದ ಉದ್ದಿಮೆ. ಒಂದು ತುದಿಗೆ ಹಾರ ಹಾಕಿ ಇನ್ನೊಂದು ತುದಿಗೆ ಬೇಡಿ ಹಾಕಿದ್ದಾರೆ.

ಬೇಡಿ ಅಂದದ್ದು ಬರೀ ಮಾತಿನ ಅಲಂಕಾರಕ್ಕಲ್ಲ. 1964ರ ಕಾಯಿದೆಯಲ್ಲಿ ಹಸುವನ್ನು, ಕರುವನ್ನು ಕಡಿಯುವ ಹಾಗಿರಲಿಲ್ಲ. 12 ವರ್ಷ ದಾಟಿದ ಎತ್ತು, ಹೋರಿ, ಎಮ್ಮೆ, ಕೋಣಗಳಿಗೆ ಸರ್ಟಿಫಿಕೇಟು ಪಡೆದು ಕಡಿಯಬಹುದಿತ್ತು. ತಪ್ಪಿದರೆ ಆರು ತಿಂಗಳವರೆಗೆ ಸಜೆ, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2020ರ ಡಿಸೆಂಬರಿನಲ್ಲಿ ವಿಧಾನಸಭೆಯಲ್ಲಿ ಪಾಸಾಗಿ, 2021ರ ಜನವರಿಯಲ್ಲಿ ಸುಗ್ರೀವಾಜ್ಞೆಯಾಗಿ ಜಾರಿಗೆ ಬಂದು, ಫೆಬ್ರವರಿಯಲ್ಲಿ ಮೇಲ್ಮನೆಯನ್ನೂ ದಾಟಿದ ಹೊಸ ಕಾಯಿದೆಯಲ್ಲಿ ಎತ್ತಿಗೆ ವಯಸ್ಸೇ ಇಲ್ಲ, ಎಷ್ಟು ಮುದಿಯಾದರೂ ಕಡಿಯಬಾರದು. ಸಜೆ ಮೂರರಿಂದ ಏಳು ವರ್ಷ. ದಂಡ 50,000ದಿಂದ 5 ಲಕ್ಷ, ಎರಡನೇ ಸಲಕ್ಕೆ 10 ಲಕ್ಷದವರೆಗೆ. ಗಾಡಿಯೂ ಜಪ್ತಿ. ಬಿಟ್ಟಿರುವುದು 13 ವರ್ಷ ತುಂಬಿದ ಎಮ್ಮೆ ಕೋಣಗಳನ್ನು ಮಾತ್ರ. ಸ್ವಾಮಿ, ಎಮ್ಮೆಗೆ 13 ತುಂಬಿತು ಅನ್ನೋದಕ್ಕೆ ಏನು ಸಾಕ್ಷಿ? ನಮ್ಮ ಅಪ್ಪಂದಿರು ಹುಟ್ಟಿದ ತಾರೀಖೇ ಯಾರಿಗೂ ಗೊತ್ತಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಎಲ್ಲರಿಗೂ ಜೂನ್ ಒಂದು ಅಂತ ಬರೆದುಕೊಂಡರು. ಎಮ್ಮೆಗೆ ಯಾವ ಮೇಷ್ಟ್ರು ಬರೆದಿದ್ದಾರೆ? ಹಲ್ಲು ಎಣಿಸಿ ವಯಸ್ಸು ಹೇಳುವ ಮುದುಕರು ಸಂತೆಯಲ್ಲಿದ್ದಾರೆ, ಅವರ ಮಾತು ಠಾಣೆಯಲ್ಲಿ ನಡೆಯೋದಿಲ್ಲ. ನಡೆಯೋದು ಸರ್ಟಿಫಿಕೇಟು. ಸರ್ಟಿಫಿಕೇಟು ಇರುವಲ್ಲಿ ಮೇಜಿನ ಕೆಳಗೆ ಕೈ ಇರುತ್ತದೆ.

ಈ ಕಾಯಿದೆ ದನವನ್ನು ಉಳಿಸಿತೋ ಇಲ್ಲವೋ, ಸಂತೆಯನ್ನಂತೂ ಕೊಂದಿತು. ಎರಡು ಎಕರೆಯ ರೈತ ಮುದಿ ಜೋಡಿಯನ್ನು ಮಾರಿ, ಆ ದುಡ್ಡಿಗೆ ಅಷ್ಟೋ ಇಷ್ಟೋ ಸೇರಿಸಿ ಎಳೆಯ ಜೋಡಿ ತರುತ್ತಿದ್ದ. ಈಗ ಮುದಿ ಎತ್ತು ಹಟ್ಟಿಯಲ್ಲೇ ನಿಂತು ಎಳೆಯದರ ಹುಲ್ಲು ತಿನ್ನುತ್ತದೆ. ಇದು ಬರೀ ಹೊಲೆಮಾದಿಗರ, ಮುಸಲ್ಮಾನರ ಸಂಗತಿ ಅಂತ ತಿಳಿದಿರುವ ಒಕ್ಕಲಿಗ, ಲಿಂಗಾಯತ ರೈತ ಅಣ್ಣಂದಿರು ಒಂದು ಸಲ ತಮ್ಮ ಕೊಟ್ಟಿಗೆಯ ಲೆಕ್ಕ ಹಾಕಲಿ.

ಕಾಯಿದೆಯ ಹಿಂದೆಯೇ ಬೀದಿಯ ಕಾಯಿದೆಯೂ ಬರುತ್ತದೆ. ಬರುತ್ತದೆ ಏನು, ಅದು ಮೊದಲೇ ಬಂದಿತ್ತು. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿದದ್ದಕ್ಕೆ ನಮ್ಮವರನ್ನು ಬೀದಿಯಲ್ಲಿ ಕಟ್ಟಿ ಹೊಡೆದರು. ಅದೇ ತಿಂಗಳು ನಮ್ಮ ಕೊಪ್ಪ ತಾಲ್ಲೂಕಿನಲ್ಲಿ ದನದ ಮಾಂಸ ಇಟ್ಟುಕೊಂಡಿದ್ದಾರೆಂದು ಒಂದು ದಲಿತ ಮನೆಗೇ ನುಗ್ಗಿ ಬಡಿದರು. 2023ರ ಏಪ್ರಿಲ್ 1ರಂದು ಕನಕಪುರ ತಾಲ್ಲೂಕಿನ ಸಾತನೂರಿನಲ್ಲಿ ದನ ಸಾಗಿಸುತ್ತಿದ್ದವನೊಬ್ಬ ಹೆಣವಾಗಿ ಸಿಕ್ಕ. ಸಂತೆಯಲ್ಲಿ ಕೊಂಡ ಕಾಗದ ಅವನ ಹತ್ತಿರ ಇತ್ತು ಅಂತ ಪತ್ರಿಕೆಗಳು ಬರೆದವು. ಕಾಗದ ಇದ್ದವನ ಗತಿಯೇ ಹೀಗಾದರೆ ಯಾವ ಬ್ಯಾಂಕು ಈ ಕಸುಬಿಗೆ ಸಾಲ ಕೊಟ್ಟೀತು? ಯಾವ ಲಾರಿಯವನು ಬಾಡಿಗೆಗೆ ಬಂದಾನು? ಬಂದರೂ ಎರಡರಷ್ಟು ಕೇಳುತ್ತಾನೆ. ಭಯಕ್ಕೂ ಒಂದು ರೇಟು ಇದೆ. ಅದನ್ನು ಕಟ್ಟಬಲ್ಲವನು ದೊಡ್ಡವನು ಮಾತ್ರ. ಇದೇ ದೇಶ ಮೂಳೆ ತೆಗೆದ ಎಮ್ಮೆ ಮಾಂಸವನ್ನು ವಿಯೆಟ್ನಾಂ, ಮಲೇಷಿಯಾ, ಈಜಿಪ್ಟುಗಳಿಗೆ ಕಳಿಸಿ 2023-24ರಲ್ಲಿ 300 ಕೋಟಿ ಡಾಲರಿಗೂ ಮೇಲೆ ಗಳಿಸಿತು. ಡಾಲರಿಗೆ ಮೈಲಿಗೆ ಇಲ್ಲ.

ದನದ ಮಾತು ಬಿಡಿ, ಅದು ಜಗಳದ ಮಾತು ಅನ್ನುವವರಿಗೆ ಕುರಿಯ ಮಾತನ್ನೇ ಹೇಳುತ್ತೇವೆ. ನಮ್ಮಲ್ಲೊಬ್ಬ ಬಿ.ಕಾಂ. ಮಾಡಿದವನು. ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಸಾಕಾಗಿ, ತಾಲ್ಲೂಕು ಊರಿನಲ್ಲಿ ಕುರಿಮಾಂಸದ ಅಂಗಡಿ ಇಡೋಣ, ಆಮೇಲೆ ನಾಲ್ಕು ಜನ ಸೇರಿ ಸಣ್ಣ ಕಂಪನಿ ಮಾಡೋಣ ಅಂತ ಹೊರಟ. ಮಾಂಸದಂಗಡಿ ಅಂದ ಕೂಡಲೇ ಮೂರು ಮಳಿಗೆಯವರು ಬಾಗಿಲು ಹಾಕಿದರು. ನಾಲ್ಕನೆಯವನು ಜಾತಿ ಕೇಳಿ ಹಾಕಿದ. ಕೊನೆಗೆ ಊರಾಚೆ ಒಂದು ಶೆಡ್ಡು ಸಿಕ್ಕಿತು. ಕಚೇರಿಗೆ ಹೋದ.

‘ಕಸಾಯಿಖಾನೆಯಿಂದ ಮಾಂಸ ತರ್ತೀನಿ ಅಂತ ಬರ್ಕೊಡು. ಅಂಗಡೀಲಿ ಕಡಿಯೋ ಹಾಗಿಲ್ಲ.’

‘ಆಗ್ಲಿ ಸಾರ್. ಕಸಾಯಿಖಾನೆ ಎಲ್ಲೈತೆ ಸಾರ್?’

‘ಇನ್ನೂ ಆಗಿಲ್ಲ.’

‘ಮತ್ತೆ ಎಲ್ಲಿಂದ ತರ್ಲಿ ಸಾರ್?’

‘ಅದು ನಿನ್ ಪಾಡು ಕಣಯ್ಯ.’

ನಗಬೇಡಿ. ಈ ನಾಲ್ಕು ಮಾತಿನಲ್ಲಿ ಇಡೀ ವ್ಯವಸ್ಥೆ ಇದೆ. 2001ರ ಕೇಂದ್ರದ ನಿಯಮದ ಪ್ರಕಾರ ಮಾನ್ಯತೆ ಪಡೆದ ಕಸಾಯಿಖಾನೆಯ ಹೊರಗೆ ಕಡಿಯಬಾರದು. ಪಶುವೈದ್ಯರೊಬ್ಬರು ಗಂಟೆಗೆ 12 ಪ್ರಾಣಿ, ದಿನಕ್ಕೆ 96 ಪ್ರಾಣಿಗಿಂತ ಹೆಚ್ಚು ಪರೀಕ್ಷಿಸಬಾರದು. ಒಳ್ಳೆಯ ನಿಯಮ. ಹಸುವಿಗೆ ಹೆರಿಗೆ ಕಷ್ಟವಾದಾಗಲೇ ಸಿಗದ ವೈದ್ಯರು ನಮ್ಮ ಹತ್ತು ಕುರಿಯನ್ನು ಪರೀಕ್ಷಿಸಲು ಬೆಳಗಿನ ಐದಕ್ಕೆ ಬರುತ್ತಾರೆಯೇ? 2011ರ ಆಹಾರ ಸುರಕ್ಷತೆಯ ನಿಯಮದಲ್ಲಿ ದಿನಕ್ಕೆ ಎರಡು ದೊಡ್ಡ ಪ್ರಾಣಿ, ಇಲ್ಲವೇ ಹತ್ತು ಸಣ್ಣ ಪ್ರಾಣಿ, ಇಲ್ಲವೇ ಐವತ್ತು ಕೋಳಿಯವರೆಗೆ ಬರೀ ನೋಂದಣಿ ಸಾಕು. ಅದು ದಾಟಿದರೆ ಲೈಸೆನ್ಸು. ಲೈಸೆನ್ಸಿನ ಹಿಂದೆ ಸ್ಥಳೀಯ ಸಂಸ್ಥೆಯ ಒಪ್ಪಿಗೆ ಪತ್ರ, ನೀರಿನ ಪರೀಕ್ಷೆ, ಚರಂಡಿ, ಟೈಲ್ಸು, ಗಾಜಿನ ಬಾಗಿಲು. ಹತ್ತು ಕುರಿಯ ಒಳಗೇ ಇದ್ದರೆ ಬಡವ, ಹನ್ನೊಂದನೆಯ ಕುರಿಗೆ ಕೈ ಹಾಕಿದರೆ ಕಳ್ಳ. ಸಣ್ಣವನು ದೊಡ್ಡವನಾಗುವ ಮೆಟ್ಟಿಲನ್ನೇ ಕಿತ್ತು ಹಾಕಿದ್ದಾರೆ.

ಇನ್ನೊಂದು ಷರತ್ತು ಕೇಳಿ. ಪೂಜಾಸ್ಥಳದಿಂದ ಅಂಗಡಿ 50 ಮೀಟರ್ ದೂರ ಇರಬೇಕು, ಬಾಗಿಲಿಗೆ ನೇರ ಎದುರಾದರೆ 100 ಮೀಟರ್. ಇದು ಆಹಾರದ ಸುರಕ್ಷತೆಯೋ, ದೇವರ ಸುರಕ್ಷತೆಯೋ? ಗುಡಿಯಿಲ್ಲದ ಬೀದಿ ನಮ್ಮ ಯಾವ ಊರಿನಲ್ಲಿದೆ? ಮಾರವ್ವನ ಗುಡಿಗೂ ಇದೇ ಅಳತೆಯಂತೆ. ಮಾರವ್ವನನ್ನು ಕೇಳಿದವರು ಯಾರು? ಅಳತೆಪಟ್ಟಿ ಹಿಡಿದವನ ಮನೆದೇವರು ಯಾವುದು ಅಂತ ಅಳತೆಯೇ ಹೇಳುತ್ತದೆ.

ಹಾಗಾದರೆ ಶುಚಿ ಬೇಡವೇ? ಬೇಕು. ನಮಗೆ ಬೇಕಾದಷ್ಟು ಯಾರಿಗೂ ಬೇಡ, ಯಾಕಂದ್ರೆ ಊರಿನ ಕರುಳು, ರಕ್ತ, ಕೋಳಿಪುಕ್ಕ ಎಲ್ಲ ಬಂದು ಬೀಳುವುದು ಕೇರಿಯ ಪಕ್ಕದ ಹಳ್ಳಕ್ಕೆ. ನಾವು ಕೇಳುವುದು ಇಷ್ಟೇ: ಶುಚಿಯನ್ನು ಕಟ್ಟಿಕೊಡುವ ಕೆಲಸ ಯಾರದು? ಹಾಲು ಕೆಡುತ್ತದೆ ಅಂದಾಗ ಸರ್ಕಾರ ರೈತನನ್ನು ಜೈಲಿಗೆ ಹಾಕಲಿಲ್ಲ, ಶೀತಲ ಕೇಂದ್ರ ಕಟ್ಟಿತು.

ಶುಚಿ ಅನ್ನುವ ಮಾತಿಗೆ ಈಗ ಹೊಸ ಒಡೆಯರೂ ಬಂದಿದ್ದಾರೆ. ಬೆಂಗಳೂರಿನಲ್ಲಿ 2015ರಲ್ಲಿ ಶುರುವಾದ ಲಿಷಿಯಸ್ ಕಂಪನಿ ಮಾಂಸವನ್ನು ಪೊಟ್ಟಣ ಕಟ್ಟಿ ಮನೆಬಾಗಿಲಿಗೆ ಮುಟ್ಟಿಸಿ 2021ರಲ್ಲಿ ನೂರು ಕೋಟಿ ಡಾಲರ್ ಬೆಲೆಯ ಕಂಪನಿಯಾಯಿತು. ಅದರ ಮೇಲೆ ನಮಗೆ ಹಗೆ ಇಲ್ಲ, ಅಲ್ಲಿ ಕತ್ತಿ ಹಿಡಿದವರಲ್ಲೂ ನಮ್ಮ ಹುಡುಗರು ಇದ್ದಾರು. ಆದರೆ ನೋಡುವ ಕಣ್ಣನ್ನು ನೋಡಿ. ಅದೇ ಬನ್ನೂರು ಕುರಿ, ಅದೇ ತೊಡೆ. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಪೊಟ್ಟಣದೊಳಗೆ ಹತ್ತಿದರೆ ಪ್ರೋಟೀನು, ನಮ್ಮವ್ವನ ಬುಟ್ಟಿಯಲ್ಲಿ ಬಂದರೆ ಹೇಸಿಗೆ. ಸಾವಿರಾರು ವರ್ಷ ಈ ಕಸುಬಿನ ಕಳಂಕ ಹೊತ್ತವರು ಒಬ್ಬರು. ಕಳಂಕ ತೊಳೆದುಹೋಗಿ ಲಾಭ ಮಾತ್ರ ಉಳಿದ ಹೊತ್ತಿಗೆ ಬಂದು ಕೂತವರು ಇನ್ನೊಬ್ಬರು. ಬಂಡವಾಳ ಇದ್ದವನಿಗೆ ಟೈಲ್ಸು, ಗಾಜು, ಫ್ರೀಜರು, ವಕೀಲರು ಎಲ್ಲ ಒಂದು ದಿನದ ಖರ್ಚು. ನಿಯಮ ಅವನಿಗೆ ಬೇಲಿಯಾಗಿ ಕಾಯುತ್ತದೆ, ನಮಗೆ ಗೋಡೆಯಾಗಿ ಅಡ್ಡ ನಿಲ್ಲುತ್ತದೆ.

ಇಲ್ಲಿ ನಮ್ಮ ಕೆಲವು ಓದಿದ ಗೆಳೆಯರು ಒಂದು ಮಾತು ತೆಗೆಯುತ್ತಾರೆ. ‘ಬಾಬಾಸಾಹೇಬರೇ ಬಿಡಿ ಅಂದಿದ್ದಾರಲ್ಲ, ನಾವು ಯಾಕೆ ಮಾಂಸದ ಪರ ಮಾತಾಡಬೇಕು?’ ಗೆಳೆಯರೇ, ಸರಿಯಾಗಿ ಓದಿ. 1927ರಲ್ಲಿ ಮಹಾಡದಲ್ಲಿ ಅವರು ಬಿಡಿ ಅಂದದ್ದು ಸತ್ತ ದನದ ಮಾಂಸವನ್ನು. ಅದು ಊರಿನವರು ಎಸೆದದ್ದು, ಬಿಟ್ಟಿ ಚಾಕರಿಯ ಕೂಲಿ, ಅದಕ್ಕೆ. ಅವರ ಪ್ರಶ್ನೆ ಮಾನದ್ದು, ಮಡಿಯದ್ದಲ್ಲ. ಅಸ್ಪೃಶ್ಯರು ಯಾರು ಎಂದು ಹುಡುಕುತ್ತ 1948ರಲ್ಲಿ ಬರೆದ ಪುಸ್ತಕದಲ್ಲಿ ಗೋಮಾಂಸವನ್ನು ಬಿಟ್ಟವರು ಬಿಡದವರನ್ನು ಹೇಗೆ ಹೊರಗಿಟ್ಟರು ಎಂದು ಬಿಡಿಸಿಟ್ಟವರೂ ಅವರೇ. ಎಸೆದದ್ದನ್ನು ಎತ್ತಿಕೊಳ್ಳುವುದು ಬೇರೆ. ನಮ್ಮದೇ ದುಡ್ಡಿನಲ್ಲಿ ಕೊಂಡು, ಕಡಿದು, ತೂಗಿ, ಬೆಲೆ ಹೇಳಿ ಮಾರುವುದು ಬೇರೆ. ಎರಡನೆಯದು ವ್ಯಾಪಾರ. ನಮ್ಮ ಜನಕ್ಕೆ ಇವತ್ತಿಗೂ ಸಿಗದೆ ಇರುವುದು ಅದೇ.

ಸಾಹಿತ್ಯದವರೂ ಇದರಿಂದ ಹೊರಗಿಲ್ಲ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಅದರ ಮಳಿಗೆಯವರಿಗೆ ಹಾಕಿದ ಷರತ್ತಿನಲ್ಲಿ ಮದ್ಯ, ತಂಬಾಕು, ಮಾಂಸಾಹಾರ ಒಂದೇ ಸಾಲಿನಲ್ಲಿದ್ದವು. ಬಾಡೂಟಕ್ಕೆ ಹೆಸರಾದ ಮಂಡ್ಯದಲ್ಲಿ! ಜನ ತಿರುಗಿಬಿದ್ದರು. ಗದ್ದಲವಾಯಿತು, ಒಳ್ಳೆಯದಾಯಿತು. ಆದರೆ ಆ ಸಾಲು ಬರೆದವರಿಗೆ ಬರೆಯುವಾಗ ಕೈ ನಡುಗಲಿಲ್ಲ ಅನ್ನುವುದನ್ನು ಮರೆಯಬೇಡಿ. ಅದೇ ಕೈ ಲೈಸೆನ್ಸಿನ ಕಡತದ ಮೇಲೂ ಇರುತ್ತದೆ.

ಅದೇ ಮಂಡ್ಯದ ಕಡೆ ಯುಗಾದಿಯ ಮಾರನೆಯ ದಿನ ವರ್ಷತೊಡಕು. ವರ್ಷವಿಡೀ ತಿಂಗಳಿಗಿಷ್ಟು ಅಂತ ಚೀಟಿ ಕಟ್ಟುತ್ತಾರೆ. ಹಬ್ಬದ ಹೊತ್ತಿಗೆ ಹತ್ತಾರು ಮನೆಯವರು ಸೇರಿ ಮರಿ ತರುತ್ತಾರೆ, ಕಡಿಯುತ್ತಾರೆ. ಚಾಪೆ ಹಾಸಿ ಗುಡ್ಡೆ ಹಾಕುತ್ತಾರೆ. ಎಲ್ಲ ಗುಡ್ಡೆಗೂ ಎಲುಬು, ಈಲಿ, ಕೊಬ್ಬು, ಮೆತ್ತನೆಯ ಖಂಡ ಸಮಸಮ. ಯಾರೂ ದೊಡ್ಡ ಗುಡ್ಡೆ ಕೇಳುವ ಹಾಗಿಲ್ಲ, ಎಲ್ಲವೂ ಒಂದೇ. ಇದು ಸಹಕಾರ ಸಂಘ ಅಲ್ಲದೆ ಇನ್ನೇನು? ಷೇರು ಇದೆ, ಉಳಿತಾಯ ಇದೆ, ಹಂಚಿಕೆ ಇದೆ. ಅನಕ್ಷರಸ್ಥ ಮುದುಕ ತಕ್ಕಡಿ ಇಲ್ಲದೆ ಹಾಕಿದ ಗುಡ್ಡೆಯಲ್ಲಿ ಇರುವ ನ್ಯಾಯ ವಿಧಾನಸೌಧದ ಬಜೆಟ್ಟಿನಲ್ಲಿ ಇಲ್ಲ. ಆದರೆ ಕಾಯಿದೆಯ ಪುಸ್ತಕ ತೆರೆದರೆ ಇದಕ್ಕೆ ಸಿಗುವ ಹೆಸರು ಒಂದೇ, ಲೈಸೆನ್ಸಿಲ್ಲದ ವಧೆ.

ಈ ಗುಡ್ಡೆಗೆ ಒಂದು ಛಾವಣಿ ಕೊಡಿ ಅಂತ ನಮ್ಮ ಹಕ್ಕೊತ್ತಾಯ. ತಾಲ್ಲೂಕಿಗೊಂದು ಸರ್ಕಾರಿ ಕಸಾಯಿಖಾನೆ, ಅದಕ್ಕೆ ನೀರು, ಚರಂಡಿ, ಶೀತಲ ಕೋಣೆ, ಕಾಯಂ ಪಶುವೈದ್ಯರು. ಅದನ್ನು ನಡೆಸುವುದು ಗುತ್ತಿಗೆದಾರನಲ್ಲ. ಕಡಿಯುವವರು, ಕುರಿ ಸಾಕುವವರು, ಚರ್ಮದವರು ಸೇರಿದ ಸಂಘ. ಚರ್ಮಕ್ಕೆ ಅಂತ 1976ರಲ್ಲೇ ಲಿಡ್ಕರ್ ನಿಗಮ ಕಟ್ಟಿದ್ದಾರೆ. ಕಡಿಯುವ ಜಾಗವನ್ನು ಮುಚ್ಚಿ ಚರ್ಮದ ನಿಗಮ ಇಟ್ಟುಕೊಂಡರೆ ಅದು ಬೋರ್ಡಿಗೆ ಮಾತ್ರ ನಿಗಮ. ಎತ್ತಿನ ವಯಸ್ಸಿನ ವಿನಾಯಿತಿ ವಾಪಸು ಬರಬೇಕು. ಬಾಗಿಲು ಹಾಕಿಸಿದ ದಿನಗಳಿಗೆ ಬಾಗಿಲು ಹಾಕಿಸಿದವರೇ ಪರಿಹಾರ ಕೊಡಬೇಕು.

ಹಳ್ಳಿಯ ಮೇಷ್ಟ್ರುಗಳಿಗೆ, ಹಾಸ್ಟೆಲಿನ ವಿದ್ಯಾರ್ಥಿಗಳಿಗೆ ಒಂದು ಕೆಲಸ. ನಿಮ್ಮ ತಾಲ್ಲೂಕಿನ ಪುರಸಭೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 10 ರೂಪಾಯಿ ಶುಲ್ಕ. ಮಾನ್ಯತೆಯಿರುವ ಕಸಾಯಿಖಾನೆ ಇದೆಯೇ, ಎಲ್ಲಿ? ಇಲ್ಲದಿದ್ದರೆ ಯಾವ ವರ್ಷದಿಂದ ಇಲ್ಲ? ಮಾಂಸದ ಮಳಿಗೆಗಳ ಹರಾಜಿನಿಂದ ಕಳೆದ ಐದು ವರ್ಷದಲ್ಲಿ ಬಂದ ಹಣ ಎಷ್ಟು, ಅದರಲ್ಲಿ ಆ ಮಳಿಗೆಗಳ ನೀರಿಗೆ, ಚರಂಡಿಗೆ ಖರ್ಚಾದದ್ದು ಎಷ್ಟು? ಎಷ್ಟು ದಿನ ಅಂಗಡಿ ಮುಚ್ಚಿಸಿದರು, ಯಾವ ಆದೇಶದ ಮೇಲೆ? ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಬಂದ ಉತ್ತರದ ನಕಲನ್ನು, ಬಾರದಿದ್ದರೆ ಅರ್ಜಿಯ ನಕಲನ್ನು, ಈ ಪತ್ರಿಕೆಯ ವಿಳಾಸಕ್ಕೆ ಕಳಿಸಿ.