ಡ್ರಮ್ ಬಾರಿಸಿದವರು ಯಾರು?

ನನ್ನ ತಂಗಿಯ ಮಗ ಮಹಡಿಯ ಕೋಣೆಯಲ್ಲಿ ಒಂದು ಕಂಪ್ಯೂಟರ್, ಒಂದು ಮೈಕ್ ಇಟ್ಟುಕೊಂಡು ಹಾಡುಗಳನ್ನು ಧ್ವನಿಮುದ್ರಿಸುತ್ತಾನೆ. ಈಚೆಗೆ ಅವನು ಕೇಳಿಸಿದ ಹಾಡೊಂದರಲ್ಲಿ ಡ್ರಮ್ ಬಹಳ ಹಿತವಾಗಿತ್ತು. ಬಾರಿಸಿದವರು ಯಾರೆಂದು ವಿಚಾರಿಸಿದೆ. ‘ಯಾರೂ ಇಲ್ಲ ಮಾವ, ನಾನೇ ಬರೆದದ್ದು’ ಎಂದ.

ಡ್ರಮ್ಮನ್ನು ಬರೆಯುವುದೆಂದರೇನು ಎಂದು ತಿಳಿಯಲು ಒಂದು ಸಂಜೆ ಅವನ ಪಕ್ಕದಲ್ಲಿ ಕುಳಿತೆ. ನೈಜ ಡ್ರಮ್ಮಿನ ಧ್ವನಿಯನ್ನು ಸಂಗ್ರಹಿಸಿಟ್ಟು ನುಡಿಸುವ ಯಂತ್ರ ಹೊಸದೇನಲ್ಲ. ಅಮೆರಿಕದ ರೋಜರ್ ಲಿನ್ 1980ರಲ್ಲೇ ಎಲ್‌ಎಂ-1 ಎಂಬ ಯಂತ್ರವನ್ನು ತಂದಿದ್ದರು. ಬೆಲೆ ಐದು ಸಾವಿರ ಡಾಲರಿನ ಆಸುಪಾಸು. ಇಂದು ಸಾಧಾರಣ ಲ್ಯಾಪ್‌ಟಾಪ್ ಅದಕ್ಕಿಂತ ಸೂಕ್ಷ್ಮವಾದ ಕೆಲಸ ಮಾಡುತ್ತದೆ. ಒಂದೇ ಸ್ನೇರ್ ಡ್ರಮ್ಮನ್ನು ಪಿಸುಮಾತಿನಷ್ಟು ಮೆಲ್ಲಗಿನಿಂದ ಸಿಡಿಲಿನಷ್ಟು ಜೋರಿನವರೆಗೆ ಹಲವು ಬಲಗಳಲ್ಲಿ, ಪ್ರತಿ ಬಲದಲ್ಲಿಯೂ ಹಲವು ಬಾರಿ ಹೊಡೆಸಿ ಮುದ್ರಿಸಿರುತ್ತಾರೆ. ಒಂದೇ ಪೆಟ್ಟು ಯಥಾವತ್ತಾಗಿ ಮರುಕಳಿಸಿದರೆ ಮಷಿನ್‌ಗನ್ನಿನಂತೆ ಕೇಳುವುದರಿಂದ ತಂತ್ರಾಂಶವು ಸರದಿಯ ಮೇಲೆ ಬೇರೆ ಬೇರೆ ಪೆಟ್ಟುಗಳನ್ನು ಆರಿಸುತ್ತದೆ. ಬಲಕ್ಕೆ 1ರಿಂದ 127ರವರೆಗೆ ಅಂಕ. ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ ಒಂದೊಂದು ಪೆಟ್ಟನ್ನೂ ಸರಿಸಬಹುದು. ಡ್ರಮ್ಮರಿಗೆ ಇರುವುದು ಎರಡೇ ಕೈ ಎಂಬುದನ್ನು ಮರೆತು ಸ್ನೇರ್, ಹೈಹ್ಯಾಟ್, ಸಿಂಬಲ್ ಮೂರನ್ನೂ ಒಮ್ಮೆಗೇ ಹೊಡೆಸಿದರೆ ಕಿವಿ ತಕ್ಷಣ ಮೋಸವನ್ನು ಹಿಡಿದುಬಿಡುತ್ತದೆ.

ತಪ್ಪುಗಳನ್ನು ಮನಬಂದಂತೆ ಚೆಲ್ಲಿದರೂ ಸಾಲದು. ಹೋಲ್ಗರ್ ಹೆನ್ನಿಗ್ ಮತ್ತು ಸಂಗಡಿಗರು ಘಾನಾ ಮೂಲದ ವಾದಕರೊಬ್ಬರ ಲಯವನ್ನು ಅಳೆದು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮನುಷ್ಯನ ಲಯದ ಏರುಪೇರುಗಳು ಒಂದಕ್ಕೊಂದು ಸಂಬಂಧ ಉಳ್ಳವು. ಈಗಿನ ತಡದ ನೆರಳು ಎಷ್ಟೋ ಪೆಟ್ಟುಗಳಾಚೆಗೂ ಚಾಚುತ್ತದೆ. ಬೆಲೆಗಳ ಏರಿಳಿತದ ಕೋಷ್ಟಕಗಳೊಂದಿಗೆ ಹೆಣಗಿದ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಹಳೆಯ ಪರಿಚಯವೇ. ನಮ್ಮ ತಪ್ಪಿಗೂ ನೆನಪಿದೆ.

ವಿಲಿಯಂ ಬೌಮೋಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ ಹೇಳಿದ್ದ ಮಾತೊಂದಿದೆ. ಕಾರ್ಖಾನೆಯಲ್ಲಿ ಒಬ್ಬನ ಉತ್ಪಾದನೆ ಹತ್ತುಪಟ್ಟು ಹೆಚ್ಚಬಹುದು, ನಾಲ್ವರು ನುಡಿಸಬೇಕಾದ ಸಂಗೀತಕ್ಕೆ ಮಾತ್ರ ಎಂದಿಗೂ ನಾಲ್ವರೇ ಬೇಕು. ಹೀಗಾಗಿ ಕಲೆಯ ವೆಚ್ಚ ಏರುತ್ತಲೇ ಹೋಗುತ್ತದೆ. ಆ ಕಾಯಿಲೆಗೆ ಇಲ್ಲಿ ಮದ್ದು ಸಿಕ್ಕಿದೆ, ನುಡಿಸುವವನನ್ನೇ ಕೈಬಿಡುವ ಮದ್ದು. ಹುಡುಗನನ್ನು ದೂರಲಾರೆ. ಸ್ಟುಡಿಯೋ ಬಾಡಿಗೆ ಅವನಿಗೆ ಎಟುಕದು. ಮನೆಯಲ್ಲಿ ನಿಜವಾದ ಡ್ರಮ್ ಇಟ್ಟರೆ ನೆರೆಹೊರೆಯವರು ಪೊಲೀಸರನ್ನು ಕರೆದಾರು.

ಆದರೂ ಹಳೆಯದೊಂದು ಕಡತ ನೆನಪಾಯಿತು. ಸೇವೆಯಲ್ಲಿದ್ದಾಗ ಕಲಾವಿದರ ಮಾಸಾಶನದ ಅರ್ಜಿಗಳು ಕೆಲಕಾಲ ನನ್ನ ಮೇಜಿಗೆ ಬರುತ್ತಿದ್ದವು. ಒಬ್ಬ ವೃದ್ಧ ಡ್ರಮ್ಮರ್ ಹತ್ತಾರು ಕ್ಯಾಸೆಟ್ಟುಗಳನ್ನು ಚೀಲದಲ್ಲಿ ತಂದಿದ್ದರು. ಎಲ್ಲದರಲ್ಲಿಯೂ ಬಾರಿಸಿದವರು ಅವರೇ. ಒಂದರ ಹೊದಿಕೆಯಲ್ಲಿಯೂ ಅವರ ಹೆಸರಿರಲಿಲ್ಲ. ‘ದಾಖಲೆಗಳ ಅಭಾವ’ ಎಂದು ನಾನೇ ಷರಾ ಬರೆದೆ. ನಿಯಮದ ಪ್ರಕಾರ ಅದು ಸರಿಯಾಗಿತ್ತು.

ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯು ಪ್ರದರ್ಶನದ ವಾಣಿಜ್ಯ ಬಳಕೆಗೆ ಕಲಾವಿದನಿಗೆ ರಾಯಧನ ಸಲ್ಲಬೇಕೆಂದಿದೆ. ಆದರೆ ಒಂದೇ ಒಂದು ಪೆಟ್ಟು ‘ಪ್ರದರ್ಶನ’ವೇ? ಸಾವಿರ ಪೆಟ್ಟುಗಳನ್ನು ಬಿಡಿಬಿಡಿಯಾಗಿ ಹೊಡೆಸಿ, ಒಂದು ಬಾರಿ ಹಣ ಕೊಟ್ಟು, ಸಾವಿರಾರು ಹಾಡುಗಳಿಗೆ ಮಾರಬಹುದೇ? ನಿಯಮ ರಚಿಸುವವರು ಈ ಪ್ರಶ್ನೆಯನ್ನು ನೇರವಾಗಿ ಎದುರಿಸಬೇಕು. ಕನಿಷ್ಠಪಕ್ಷ ಪೆಟ್ಟು ಕೊಟ್ಟವನ ಹೆಸರನ್ನು ಮಾರಾಟದ ಜೊತೆಗೇ ನಮೂದಿಸುವುದು ಕಡ್ಡಾಯವಾಗಬೇಕು. ಕೆಲವು ಕಂಪನಿಗಳು ಪ್ರಖ್ಯಾತ ಡ್ರಮ್ಮರುಗಳ ಹೆಸರನ್ನು ಜಾಹೀರಾತಾಗಿಯೇ ಬಳಸುತ್ತವೆ. ಪ್ರಖ್ಯಾತರಲ್ಲದವರ ಮಾತು ಬೇರೆ.

ಸೋದರಳಿಯನ ತಂತ್ರಾಂಶದ ವಿವರಣೆಯನ್ನು ಇಬ್ಬರೂ ಓದಿದೆವು. ಡ್ರಮ್ಮಿನ ಮರ ಯಾವುದು, ಮೈಕುಗಳು ಯಾವುವು, ಎಲ್ಲವೂ ಇತ್ತು. ಹೊಡೆದವರ ಹೆಸರು ಮಾತ್ರ ಸಿಗಲಿಲ್ಲ. ಹಾಡು ಮುಂದಿನ ತಿಂಗಳು ಹೊರಬರಲಿದೆ. ಕಲಾವಿದರ ಪಟ್ಟಿಯಲ್ಲಿ ‘ಡ್ರಮ್’ ಎಂಬುದರ ಮುಂದೆ ಏನು ಬರೆಯುವುದೆಂದು ಅವನು ಇನ್ನೂ ನಿರ್ಧರಿಸಿಲ್ಲ.