ಕಡಲಾಚೆಯ ಕ್ರಿಕೆಟ್ ಹರಟೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಕಡೆಯಿಂದ ಉದ್ಯೋಗನಿಮಿತ್ತ ಕಡಲಾಚೆಗೆ ತೆರಳಿದ ಮಕ್ಕಳು ಮನೆಗೆ ಫೋನು ಮಾಡಿದಾಗ, ಮಳೆ ಬಂತೆ, ಕಡಲೆಕಾಯಿಗೆ ಧಾರಣೆ ಸಿಕ್ಕಿತೆ ಎಂಬ ವಿಚಾರಣೆ ಮುಗಿದೊಡನೆ ಸಂಭಾಷಣೆಯು ಕ್ರಿಕೆಟ್ಟಿನತ್ತ ಹೊರಳುವುದನ್ನು ಕಂಡು, ಇದು ಕೇವಲ ಕಾಲಹರಣವೆಂದು ಹಳಿಯುವವರುಂಟು. ನನಗಾದರೋ, ಕುಶಲಪ್ರಶ್ನೆಯನ್ನು ಮೀರಿ ಮಾತೇ ಹೊರಡದ ತಂದೆಮಕ್ಕಳಿಗೆ ಅದೊಂದು ದೊಡ್ಡ ಉಪಕಾರವೆಂದೇ ತೋರುತ್ತದೆ.

ಆದರೆ ಈ ಹರಟೆಯೊಳಗೆ ನುಸುಳುವ, ‘ನೀನು ಯಾವ ನಾಡಿನ ಪರ?’ ಎಂಬ ನಿಷ್ಠೆಯ ಪರೀಕ್ಷೆ ಮಾತ್ರ ಸಮ್ಮತವಲ್ಲ. ಬೆಂಗಳೂರು ಮೂಲದ ತಂದೆತಾಯಿಗಳಿಗೆ ವೆಲಿಂಗ್ಟನ್ನಿನಲ್ಲಿ ಜನಿಸಿದ ನ್ಯೂಜಿಲೆಂಡ್ ಆಟಗಾರ ರಚಿನ್ ರವೀಂದ್ರ, 2023ರ ವಿಶ್ವಕಪ್ಪಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ವಿರುದ್ಧ 108 ರನ್ ಗಳಿಸಿದಾಗ ‘ನಮ್ಮ ಹುಡುಗ’ನೆನ್ನುವುದು ಸುಲಭವಾಗಿತ್ತು; ಆದರೆ 2024ರ ಅಕ್ಟೋಬರ್‌ನಲ್ಲಿ ಅದೇ ಅಂಗಳದಲ್ಲಿ ಭಾರತದ ಮೇಲೆಯೇ 134 ರನ್ ಹೊಡೆದು, 1988ರ ಅನಂತರ ಭಾರತದ ನೆಲದಲ್ಲಿ ಟೆಸ್ಟ್ ಗೆದ್ದಿರದ ನ್ಯೂಜಿಲೆಂಡಿಗೆ ವಿಜಯದ ದಾರಿ ತೆರೆದಾಗ ಆ ಮಮಕಾರ ಎಷ್ಟು ಮಂದಿಯಲ್ಲಿ ಉಳಿದಿತ್ತೋ! ಮೊರಾಕ್ಕೊದ ವಲಸಿಗರು ಇದೇ ಪ್ರಶ್ನೆಯನ್ನು ಇನ್ನೊಂದು ಮಗ್ಗುಲಿನಿಂದ ಎದುರಿಸಿದವರು. 2022ರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಸ್ಪೇನನ್ನು ಹೊರಗಟ್ಟಿದ ಕಟ್ಟಕಡೆಯ ಪೆನಾಲ್ಟಿಯನ್ನು ಮೊರಾಕ್ಕೊ ಪರ ಒದ್ದ ಅಶ್ರಫ್ ಹಕೀಮಿ ಹುಟ್ಟಿದ್ದು ಮ್ಯಾಡ್ರಿಡ್‌ನಲ್ಲಿ. ಹುಟ್ಟಿದ ನಾಡನ್ನೋ ಹಿರಿಯರ ನಾಡನ್ನೋ ಆರಿಸಿಕೊಳ್ಳುವ ಅಧಿಕಾರ ಆಟಗಾರನದೇ ಹೊರತು ಗ್ಯಾಲರಿಯದಲ್ಲ.

ಆಕ್ಲೆಂಡಿನಲ್ಲಿ ಬೆಳೆಯುತ್ತಿರುವ ಮೊಮ್ಮಗ ನ್ಯೂಜಿಲೆಂಡಿನ ಕಪ್ಪು ಟೋಪಿಯವರಿಗೆ ಜಯಕಾರ ಹಾಕಿದರೆ ಮಧುಗಿರಿಯ ಅಜ್ಜ ಮುನಿಯಬೇಕಾಗಿಲ್ಲ. ಬಹುಪಾಲು ಆಂಧ್ರದ ಸೀಮೆಯಿಂದ ಆವೃತವಾದ ಪಾವಗಡದಲ್ಲಿ, ಮನೆಯಲ್ಲಿ ತೆಲುಗನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡುತ್ತ ಬೆಳೆದವರಿಗಂತೂ ಒಬ್ಬರು ಎರಡೂ ಕಡೆ ಸಲ್ಲಬಹುದೆಂಬುದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ.