ಗಾಯ ಕಾಯುವ ಕೈಗಳು

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತೆಂದು ತಿಳಿದೊಡನೆ ನಮ್ಮ ಜನ ಮೊದಲು ಕೈಮುಗಿಯುವುದು ದೇವರಿಗೆ, ಅನಂತರ ಶಸ್ತ್ರವೈದ್ಯರಿಗೆ. ಆದರೆ ಕೊಯ್ದು ಹೊಲಿದ ಆ ಗಾಯವು ಕೀವುಗಟ್ಟದೆ ಮಾಯುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ನಿರ್ಣಯವಾಗುವುದು, ಹೆಸರನ್ನೂ ವಿಚಾರಿಸದೆ ನಾವು ‘ಸಿಸ್ಟರ್’ ಎಂದು ಕೂಗಿ ಕರೆಯುವ ಶುಶ್ರೂಷಕಿಯರ ಕೈಯಲ್ಲಿ.

ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿದ್ದಾಗ ಈ ಕೈಗಳನ್ನು ಹತ್ತಿರದಿಂದ ನೋಡುವ ಅವಕಾಶ ನನಗೊದಗಿತ್ತು. ಡ್ರೆಸ್ಸಿಂಗ್ ಟ್ರಾಲಿಯನ್ನು ತಳ್ಳಿಕೊಂಡು ಬಂದ ಶುಶ್ರೂಷಕಿ ಮೊದಲು ಫ್ಯಾನನ್ನು ನಿಲ್ಲಿಸಿ, ಹಾಸಿಗೆಯ ಅಂಚಿನಲ್ಲಿ ಆರಾಮವಾಗಿ ಕುಳಿತಿದ್ದ ನನ್ನನ್ನು ಮುಲಾಜಿಲ್ಲದೆ ಎಬ್ಬಿಸಿ, ಹಳೆಯ ಪಟ್ಟಿಯನ್ನು ಬಿಚ್ಚಿ ಹಳದಿ ಚೀಲಕ್ಕೆ ಹಾಕಿ, ಹೊಲಿಗೆಯ ಸುತ್ತ ಕೆಂಪೇರಿದೆಯೇ, ಬಾವು ಬಂದಿದೆಯೇ ಎಂದು ಬಗ್ಗಿ ನೋಡಿದಳು. ಬಳಿಕ ಕೈಗವಸನ್ನು ಕಳಚಿ, ಕೈಗಳನ್ನು ಮತ್ತೊಮ್ಮೆ ಶುದ್ಧಮಾಡಿಕೊಂಡು, ಹೊಸ ಕೈಗವಸು ತೊಟ್ಟು, ಹೊಲಿಗೆಯಿಂದ ಹೊರಮುಖವಾಗಿ ಒರೆಸತೊಡಗಿದಳು. ಒಮ್ಮೆ ಒರೆಸಿದ ಗಾಜ್ ತುಂಡು ಮತ್ತೆ ಗಾಯದ ಬಳಿಗೆ ಬರಲಿಲ್ಲ. ಅಷ್ಟರಲ್ಲಿ ಪಕ್ಕದ ಹಾಸಿಗೆಯ ಕಡೆಯ ಅಜ್ಜಿಯೊಬ್ಬರು ಅಕ್ಕರೆಯಿಂದ ವಿಭೂತಿಯ ಪೊಟ್ಟಣ ಬಿಚ್ಚಿಕೊಂಡು ಬಂದರು. “ಹಣೆಗೆ ಹಚ್ಚಿ ಅಜ್ಜಿ, ಗಾಯಕ್ಕೆ ಬೇಡ” ಎಂದಳು ಆಕೆ, ತಲೆಯೆತ್ತದೆ.

ಕೈ ತೊಳೆಯಬೇಕೆಂಬ ಈ ಸಾಮಾನ್ಯ ವಿವೇಕ ವೈದ್ಯಲೋಕಕ್ಕೆ ಸುಲಭವಾಗಿ ಬಂದುದಲ್ಲ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ, ಶವಚ್ಛೇದನ ಮಾಡಿದ ಕೈಗಳಿಂದಲೇ ಬಾಣಂತಿಯರನ್ನು ಮುಟ್ಟಕೂಡದೆಂದು ಸೆಮ್ಮೆಲ್ವೈಸ್ ಎಂಬ ವೈದ್ಯ ಪಟ್ಟುಹಿಡಿದಾಗ ಅವನಿಗೆ ದೊರೆತದ್ದು ಬಹುಪಾಲು ತಿರಸ್ಕಾರವೇ. ಇನ್ನು, ರಬ್ಬರಿನ ಕೈಗವಸು ಶಸ್ತ್ರಚಿಕಿತ್ಸೆಯ ಕೊಠಡಿಗೆ ಬಂದ ಕಥೆಯಂತೂ ಬೇರೆಯೇ ಬಗೆಯದು. 1889ರ ಸುಮಾರಿಗೆ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ಶುಶ್ರೂಷಕಿಯ ಕೈಗಳು ಕ್ರಿಮಿನಾಶಕ ದ್ರಾವಣದಿಂದ ಬೆಂದು ಹುಣ್ಣಾಗುತ್ತಿದ್ದುದನ್ನು ಕಂಡು, ಶಸ್ತ್ರವೈದ್ಯ ಹಾಲ್‌ಸ್ಟೆಡ್ ಆಕೆಗಾಗಿ ತೆಳುವಾದ ಗವಸುಗಳನ್ನು ಮಾಡಿಸಿಕೊಟ್ಟನು. ರೋಗಿಯ ರಕ್ಷಣೆಗಾಗಿ ಅಲ್ಲ, ಶುಶ್ರೂಷಕಿಯ ಕೈ ಉಳಿಯಲೆಂದು ಬಂದ ವಸ್ತುವದು. (ಮರುವರ್ಷ ಅವರಿಬ್ಬರಿಗೂ ಮದುವೆಯಾಯಿತು.)

ಶುಶ್ರೂಷಕಿಯ ಈ ಕಾವಲು ಹೊಲಿಗೆ ಹಾಕಿದ ಮೇಲೆ ಆರಂಭವಾಗುವುದೂ ಅಲ್ಲ. ಕೊಯ್ಯಬೇಕಾದ ಜಾಗದ ಕೂದಲನ್ನು ರೇಜರಿನಿಂದ ಹೆರೆದರೆ ಕಣ್ಣಿಗೆ ಕಾಣದ ಗೀರುಗಳಲ್ಲಿ ಸೂಕ್ಷ್ಮಾಣುಗಳು ನೆಲೆಯೂರುವುವೆಂದು ಅದನ್ನು ತಡೆಯುವುದು, ಚರ್ಮವನ್ನು ಕೊಯ್ಯುವುದಕ್ಕೆ ಮುಂಚಿನ 120 ನಿಮಿಷಗಳೊಳಗೆ ಪ್ರತಿಜೀವಕದ ಚುಚ್ಚುಮದ್ದು ಬಿದ್ದಿದೆಯೇ ಎಂದು ನೋಡಿಕೊಳ್ಳುವುದು, ರೋಗಿಯ ಮೈ ತಣ್ಣಗಾಗದಂತೆ, ರಕ್ತದಲ್ಲಿ ಸಕ್ಕರೆಯ ಅಂಶ ಏರದಂತೆ ಕಾಯುವುದು, ಇವೆಲ್ಲ ಆಕೆಯ ಪಾಲಿನವೇ. ಸೋಂಕಾದರೋ ಮನೆಗೆ ಹೋದ ಮೇಲೂ, 30 ದಿನಗಳವರೆಗೂ, ತಲೆದೋರಬಹುದಾದುದರಿಂದ, ಬಿಡುಗಡೆಯ ದಿನ ಆಕೆ ಹೇಳುವ ಎರಡು ಮಾತಿಗೆ ಒಂದು ಶೀಷೆ ಔಷಧಕ್ಕಿಂತ ಹೆಚ್ಚಿನ ಬೆಲೆಯುಂಟು.

ಆದರೆ ಆ ಎರಡು ಮಾತಿಗೂ ಆಕೆಗೆ ಪುರಸೊತ್ತೆಲ್ಲಿ? ಬೋಧಕ ಆಸ್ಪತ್ರೆಗಳ ವಾರ್ಡಿನಲ್ಲಿ ಮೂವರು ರೋಗಿಗಳಿಗೊಬ್ಬರು, ಇತರ ಆಸ್ಪತ್ರೆಗಳಲ್ಲಿ ಐವರಿಗೊಬ್ಬರು ಶುಶ್ರೂಷಕಿಯರಿರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಅಕ್ಕ ಮಲಗಿದ್ದ ವಾರ್ಡಿನಲ್ಲಿ ರಾತ್ರಿ ಪಾಳಿಗೆ 32 ಮಂದಿಗೆ ಒಬ್ಬಳೇ ಒಬ್ಬಳು. ಒಬ್ಬೊಬ್ಬ ರೋಗಿಗಾಗಿ ಹತ್ತು ಬಾರಿ, ಬಾರಿಗೆ ಅರ್ಧ ನಿಮಿಷದಂತೆ ಕೈಗೆ ದ್ರಾವಣ ಉಜ್ಜಿಕೊಂಡರೂ ಎರಡು ಗಂಟೆ ನಲವತ್ತು ನಿಮಿಷಗಳು ಅದಕ್ಕೇ ಸಲ್ಲಬೇಕು. ಗೋಡೆಯ ಮೇಲೆ ‘ಕೈ ತೊಳೆಯಿರಿ’ ಎಂಬ ಫಲಕ ತೂಗುಹಾಕಿ, ತೊಳೆಯುವುದಕ್ಕೆ ಹೊತ್ತು ಕೊಡದ ಆಡಳಿತವು, ಸೋಂಕು ಬಂದಾಗ ಆಕೆಗೇ ನೋಟಿಸು ಕೊಡುವುದು ಶುದ್ಧ ಅನ್ಯಾಯ.

ಮುಂದೆ ನಿಮ್ಮವರನ್ನು ಶಸ್ತ್ರಚಿಕಿತ್ಸೆಗೆ ಸೇರಿಸುವಾಗ, ಆಪರೇಷನ್ ಮಾಡುವ ಡಾಕ್ಟರು ಯಾರೆಂದು ಕೇಳುವ ಜೊತೆಗೆ, ರಾತ್ರಿ ಪಾಳಿಯಲ್ಲಿ ಆ ವಾರ್ಡಿಗೆ ಎಷ್ಟು ಮಂದಿ ಸಿಸ್ಟರ್ ಇರುತ್ತಾರೆಂಬುದನ್ನೂ ದಯವಿಟ್ಟು ಕೇಳಿ.